ಗೌಡರ ಮಗಳ ದಮ್ಮು

"ಇನ್ನೂ ಎತ್ತರಕ್ಕ ಎತ್ತಿ ಸುರುವು ಲೇ. ಕೈಗೆ ಲಕ್ವಾ ಹೊಡದೈತೇನು? ಧೂಳು ಮಾರಿಗೆ ಬಡೀಬೇಕು."

ಅಂದಾನೆಪ್ಪ ಗೌಡರು ಗೋದಾಮಿನ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು, ಮೂಗಿಗೆ ಟವೆಲು ಅಡ್ಡ ಹಿಡಿದು ಕುಳಿತಿದ್ದರು. ಒಳಗೆ ಸುಮನ ಗೋವಿನಜೋಳದ ಬುಟ್ಟಿಯನ್ನು ತಲೆಮಟ್ಟಕ್ಕೆ ಎತ್ತಿ ಸುರಿಯುತ್ತಿದ್ದಳು. ಕಾಳು ನೆಲಕ್ಕೆ ಬೀಳುತ್ತಿತ್ತು, ಧೂಳು ಮೇಲೆದ್ದು ಅವಳ ಕಣ್ಣು ಮೂಗು ಬಾಯಿ ಹೊಗುತ್ತಿತ್ತು. ಆ ಕಾಳು ಮಧ್ಯಾಹ್ನವೇ ಹಸನಾಗಿತ್ತು. ಅದನ್ನು ಹೊಟ್ಟಿನ ರಾಶಿಗೆ ಬೆರೆಸಿ ಮತ್ತೆ ಮತ್ತೆ ಸುರಿಸುತ್ತಿರುವುದು ಯಾಕೆಂದು ಅವಳಿಗೆ ಗೊತ್ತಿತ್ತು. ನಾಳೆ ಬೆಳಗಾಗುವ ಹೊತ್ತಿಗೆ ಅವಳ ಎದೆ ಚೆನ್ನಾಗಿ ಬಿಗಿದುಕೊಳ್ಳಬೇಕಿತ್ತು.

"ಗೌಡ್ರ, ಪಂಪು ಕೊಡ್ರಿ. ಒಂದ ಸಲ ಹೊಡಕೊಂತೇನಿ."

"ನಾಳೆ ದವಾಖಾನ್ಯಾಗ ಊದೂತನಕ ಔಷಧ ಮುಟ್ಟಂಗಿಲ್ಲ ಅಂತ ಡಾಕ್ಟರ ಹೇಳ್ಯಾರ. ನಂದೇನೈತಿ ಅದರಾಗ?"

ಗೌಡರು ಅಂಗಿಯ ಕಿಸೆ ಮುಟ್ಟಿ ನೋಡಿಕೊಂಡರು. ದಮ್ಮು ಹತ್ತಿದಾಗ ಬಾಯಿಗೆ ಇಟ್ಟು ಹೊಡೆದುಕೊಳ್ಳುವ ಸುಮನಳ ನೀಲಿ ಪಂಪು ನಿನ್ನೆಯಿಂದ ಆ ಕಿಸೆಯಲ್ಲಿತ್ತು. ಪರೀಕ್ಷೆಗೆ ಮೊದಲು ಔಷಧ ಬಿಡಬೇಕೆಂದು ಡಾಕ್ಟರು ಫೋನಿನಲ್ಲಿ ಹೇಳಿದ್ದು ನಿಜ. ಧೂಳು ಕುಡಿಸುವ ಬುದ್ಧಿ ಮಾತ್ರ ಗೌಡರದೇ, ಅದಕ್ಕೆ ಯಾವ ಡಾಕ್ಟರೂ ಬೇಕಾಗಿರಲಿಲ್ಲ.

ಸುಮನಳ ಅಪ್ಪ ಠಾಕಪ್ಪ ಒಂದು ಮೂಲೆಯಲ್ಲಿ ಚೀಲದ ಬಾಯಿ ಹೊಲಿಯುತ್ತಿದ್ದ. ತಾಂಡಾ ಬಿಟ್ಟು ಬಂದು ಇಪ್ಪತ್ತು ವರ್ಷವಾಯಿತು, ಈ ಗೋದಾಮಿನ ಹಮಾಲಿಯೇ ಅವನ ಬದುಕು, ಗೋಡೆಗೆ ಆತುಕೊಂಡ ತಗಡಿನ ಖೋಲಿಯೇ ಮನೆ. ಹೆಂಡತಿ ಚಂದ್ರಿಬಾಯಿ ಇದೇ ಧೂಳು ತಿಂದು ದಮ್ಮು ಹತ್ತಿಸಿಕೊಂಡು, ಅದೇ ಖೋಲಿಯಲ್ಲಿ ಉಸಿರು ಸಿಗದೆ ಸತ್ತಿದ್ದಳು. ಪಂಪು ಅಂತ ಒಂದು ಇದೆ ಎಂದು ಆಗ ಅವನಿಗೆ ಯಾರೂ ಹೇಳಿರಲಿಲ್ಲ.

"ಸಾಕ್ರೀ ಯಪ್ಪಾ. ಕೂಸಿನ ತುಟಿ ಕಪ್ಪಾಗಾಕತ್ತಾವು," ಅಂದ ಠಾಕಪ್ಪ, ತಲೆ ಎತ್ತದೆ.

"ನೀ ಹೊಲಿ ಲೇ ಲಮಾಣಿ. ನಿನ್ನ ಮಗಳನ್ನೇನು ಮಾರಾಕ ಒಯ್ಯಾಕತ್ತಿಲ್ಲ. ಊದಿ ಬರೂದು, ಅಷ್ಟ." ಗೌಡರು ಸುಮನಳ ಕಡೆ ತಿರುಗಿದರು. "ಅಲ್ಲಿ ಹೆಸರು ಕೇಳಿದ್ರ ಏನಂತಿ?"

"ದ್ರಾಕ್ಷಾಯಣಿ."

"ಪೂರಾ ಹೇಳು, ಹಡಬಿ."

"ದ್ರಾಕ್ಷಾಯಣಿ... ಅಂದಾನೆಪ್ಪ... ಗೌಡ." ಮೂರು ಮಾತಿಗೆ ಮೂರು ಸಲ ಉಸಿರು ಎಳೆಯಬೇಕಾಯಿತು.

ಗೌಡರಿಗೆ ಅದು ಬಹಳ ಹಿಡಿಸಿತು. "ಹಾಂ, ಹಂಗ ಬರಲಿ. ಇನ್ನೊಂದ ಹತ್ತು ಬುಟ್ಟಿ," ಅಂದರು.

ದ್ರಾಕ್ಷಾಯಣಿ ಗೌಡರ ಒಬ್ಬಳೇ ಮಗಳು. ಸುಮನಳದೇ ವಯಸ್ಸು, ಸುಮನಳದೇ ಎತ್ತರ. ಕುಸ್ತಿಯಲ್ಲಿ ಇಬ್ಬರದೂ ಐವತ್ಮೂರು ಕಿಲೋದ ತೂಕ. ಗೌಡರೇ ಅಧ್ಯಕ್ಷರಾಗಿದ್ದ ಕುಸ್ತಿ ಸಂಘ ಹಳಿಯಾಳದ ಹಾದಿಯಲ್ಲಿತ್ತು. ಅಲ್ಲಿ ಉಳಿದು ಆಡುತ್ತಿದ್ದ ಹನ್ನೆರಡು ಹುಡುಗಿಯರಲ್ಲಿ ಎರಡು ವರ್ಷದ ಹಿಂದೆ ಬೆಳಗಾವಿಗೆ ಹೋಗಿ ಕಂಚು ತಂದವಳು ಸುಮನ ಒಬ್ಬಳೇ. ಕಲಿಸಿದವನು ರುದ್ರೇಶ. ಎದುರಾಳಿ ಮೇಲೆ ಬಿದ್ದಾಗ ನೆಲ ಹಿಡಿಯುವುದನ್ನು ಅವಳಿಗೆ ಒಂದು ವರ್ಷ ತಿದ್ದಿ ತಿದ್ದಿ ಕಲಿಸಿದ್ದ. "ಎದಿ ನೆಲಕ್ಕ ಅಂಟಲಿ. ಮೊಣಕೈ ಪಕ್ಕಡಿಗೆ ಒತ್ತು. ನೆಲ ಹಿಡದ್ರ ನೀ ಹುಡಿಗಿ ಅಲ್ಲ, ಕಲ್ಲು. ಯಾವ ಮಗನೂ ನಿನ್ನ ಹೊಳ್ಳಿಸಿ ಅಂಗಾತ ಮಾಡಾಕ ಆಗಬಾರದು," ಅನ್ನುತ್ತಿದ್ದ. ಒಳ್ಳೆಯ ಗುರು, ಅದರಲ್ಲಿ ಎರಡು ಮಾತಿಲ್ಲ.

ಕಂಚು ತಂದ ಕೆಲವೇ ದಿನಕ್ಕೆ ರುದ್ರೇಶನಿಗೆ ಅವಳ ಚೀಲದಲ್ಲಿ ಬಿಳಿ ಗುಳಿಗೆಯ ಪಟ್ಟಿ ಸಿಕ್ಕಿತು. ದಮ್ಮಿಗೆಂದು ದವಾಖಾನೆಯಲ್ಲಿ ಕೊಟ್ಟದ್ದು. ಅವನು ಮೊಬೈಲಿನಲ್ಲಿ ಹುಡುಕಿ ನೋಡಿದ. ಆಟಗಾರರು ನುಂಗಬಾರದ ಔಷಧಗಳ ಪಟ್ಟಿಯಲ್ಲಿ ಆ ಗುಳಿಗೆ ಇತ್ತು. ಸಂಜೆ ಗೌಡರು ಎಲ್ಲ ಹುಡುಗಿಯರನ್ನು ಸಾಲಾಗಿ ನಿಲ್ಲಿಸಿ, ಆ ಪಟ್ಟಿಯನ್ನು ಸುಮನಳ ಮೂಗಿಗೆ ಹಿಡಿದರು.

"ಇದರ ದಮ್ಮಿನ ಮ್ಯಾಲ ಗೆದ್ದಿಯೇನ ಕಂಚು? ನಿಮ್ಮ ಜಾತಿನ ಅಷ್ಟು. ಜಡ್ಡಿನಾಕಿಗೆ ಕುಸ್ತಿ ಯಾಕ ಬೇಕು? ಗೋದಾಮಿನಾಗ ಕಸಾ ಹೊಡಿ, ಹೋಗು."

ಹೋಗುವ ಮೊದಲು ಸ್ವಂತ ಖುಷಿಯಿಂದ ಬಿಟ್ಟು ಹೋಗುತ್ತಿದ್ದೇನೆ ಎಂದು ಅವಳ ಕೈಯಲ್ಲೇ ಬರೆಸಿಕೊಂಡರು. ಮುಂದಿನ ತಿಂಗಳಿನಿಂದ ಐವತ್ಮೂರು ಕಿಲೋಕ್ಕೆ ದ್ರಾಕ್ಷಾಯಣಿ ಇಳಿದಳು. ರುದ್ರೇಶನಿಗೆ ಒಂದು ಭ್ರಮೆ ಹಿಡಿಯಿತು. ಈ ಲಮಾಣಿ ಹುಡುಗಿ ಆರು ನಿಮಿಷ ದಣಿಯದೆ ನಿಲ್ಲುತ್ತಿದ್ದುದು ಆ ಬಿಳಿ ಗುಳಿಗೆಯಿಂದಲೇ ಎಂದು ಅವನು ನಂಬಿಬಿಟ್ಟ. ದಮ್ಮು ಇದ್ದವಳಿಗೆ ಬರೀ ಉಸಿರು ಕೊಡುವ ಗುಳಿಗೆಯನ್ನು ದಮ್ಮು ಇಲ್ಲದವಳಿಗೆ ಶಕ್ತಿ ಬರಲೆಂದು ನುಂಗಿಸಿದ. ಹೋದ ತಿಂಗಳು ಪಂದ್ಯ ಮುಗಿದ ಮೇಲೆ ದ್ರಾಕ್ಷಾಯಣಿಯ ಉಚ್ಚೆ ಹಿಡಿದು ಪರೀಕ್ಷೆಗೆ ಕಳಿಸಿದರು, ಗುಳಿಗೆ ಅದರಲ್ಲಿ ಸಿಕ್ಕಿತು. ಊರಿಗೆಲ್ಲ ಗೊತ್ತಾಗಿದ್ದು ಅಷ್ಟೇ. ತಾನು ಊದಿದರೆ ಅದೆಲ್ಲ ಹೇಗೆ ಸರಿಹೋಗುತ್ತದೆ ಎಂಬುದು ಸುಮನಳಿಗೆ ತಿಳಿದಿರಲಿಲ್ಲ. ಊದಿದ ಮೇಲೆ ಪಂಪು ವಾಪಸು ಸಿಗುತ್ತದೆ ಎಂಬುದಷ್ಟೇ ತಿಳಿದಿತ್ತು.

ಆ ರಾತ್ರಿ ಅವಳು ಮಲಗಲಿಲ್ಲ, ಗೋಡೆಗೆ ಒರಗಿ ಕುಳಿತೇ ಬೆಳಗು ಮಾಡಿದಳು. ಬೆಳಿಗ್ಗೆ ಠಾಕಪ್ಪ ಚಹಾ ಕಾಸಿ ತಂದುಕೊಟ್ಟ.

"ಊದಿ ಬಾ ಮಗಳ. ಉಸಿರಲ್ಲೇನು, ಹೋಗೂದೇನೈತಿ."

"ಅವ್ವಂದೂ ಉಸಿರ ಅಲ್ಲೇನಪ್ಪಾ ಹೋಗಿದ್ದು?"

ಠಾಕಪ್ಪ ಚಹಾದ ಬಸಿ ತೊಳೆಯುತ್ತ ಬಹಳ ಹೊತ್ತು ಕುಳಿತುಬಿಟ್ಟ.

ಕಾರು ಬಂತು. ಓಡಿಸುತ್ತಿದ್ದವನು ರುದ್ರೇಶ. ಗೌಡರು ದ್ರಾಕ್ಷಾಯಣಿಯ ಒಂದು ಹಳೆಯ ಟ್ರ್ಯಾಕ್‌ಸೂಟು ತಂದಿದ್ದರು, ಬೆನ್ನ ಮೇಲೆ ಸಂಘದ ಹೆಸರು ಇದ್ದದ್ದು. ಅದನ್ನು ಅವಳಿಗೆ ಹಾಕಿಸಿದರು. ಆಮೇಲೆ ಸೀಟಿನ ಮೇಲೆ ಖಾಲಿ ಚೀಲ ಹಾಸಲು ಹೇಳಿದರು.

"ಮೈಯೆಲ್ಲ ಧೂಳು ಮಾಡ್ಕೊಂಡಾಳ, ಹೊಲಸು. ಸೀಟು ಕೆಡ್ತೈತಿ."

ಬಟ್ಟೆ ಮಗಳದು, ಕೂರಲಿಕ್ಕೆ ಚೀಲ. ಸುಮನಳಿಗೆ ನಗು ಬಂತು, ಆದರೆ ನಗಲಿಕ್ಕೂ ಉಸಿರು ಬೇಕಿತ್ತು.

ದವಾಖಾನೆ ದಾಂಡೇಲಿಯಲ್ಲಿ, ಬಂಗೂರನಗರಕ್ಕೆ ಹೋಗುವ ರಸ್ತೆಯ ಬದಿಗೆ. ಎದೆರೋಗದ ಖಾಸಗಿ ಡಾಕ್ಟರು. ಹೊರಗಿನ ಬೆಂಚಿನ ಮೇಲೆ ಕೆಮ್ಮುವವರು ಸಾಲಾಗಿ ಕುಳಿತಿದ್ದರು. ಗೌಡರು ಸಾಲು ದಾಟಿ ಸೀದಾ ಒಳಗೆ ನಡೆದರು. ಮಗಳ ಆಧಾರ್ ಕಾರ್ಡಿನ ಝೆರಾಕ್ಸು ಮೇಜಿನ ಮೇಲೆ ಇಟ್ಟರು. ಅದರಲ್ಲಿದ್ದ ಫೋಟೊ ಕಾಡಿಗೆ ಚೆಲ್ಲಿದಂತೆ ಕಪ್ಪಗಿತ್ತು, ಅದು ಯಾರದಾದರೂ ಆಗಬಹುದಿತ್ತು.

ಮಷಿನ್ನಿನ ಮುಂದೆ ಇದ್ದವಳು ನರ್ಸು ನೀಲಕ್ಕ. ಸುಮನಳ ಮೂಗಿಗೆ ಚಿಮಟಿಗೆ ಹಾಕಿ, ಬಾಯಿಗೆ ರಟ್ಟಿನ ಕೊಳವೆ ಕೊಟ್ಟಳು.

"ಜಗ್ಗಿ ಎಳಕೋ ದ್ರಾಕ್ಷಾಯಣಿ. ಹಾಂ, ಊದು. ಊದು, ಊದು, ಊದು. ಬಿಡಬ್ಯಾಡ, ಇನ್ನೂ, ಇನ್ನೂ..."

ಸುಮನ ಊದಿದಳು. ಕಣ್ಣಿಗೆ ಕತ್ತಲೆ ಬಂತು. ಮೂರು ಸಲ ಊದಿಸಿದರು. ಮೂರನೆಯ ಸಲ ಕೆಮ್ಮು ಹತ್ತಿ ಸ್ಟೂಲಿನಿಂದ ಕೆಳಗೆ ಬೀಳುವಂತಾದಳು. ಮಷಿನ್ನು ಕಟಕಟ ಅನ್ನುತ್ತ ಒಂದು ಕಾಗದ ಹೊರಗೆ ಹಾಕಿತು. ಮೇಲೆ ದ್ರಾಕ್ಷಾಯಣಿಯ ಹೆಸರು, ಕೆಳಗೆ ಒಂದು ಗೆರೆ. ಸ್ವಲ್ಪ ಎದ್ದು ಕುಸಿದು ಮಲಗಿಬಿಟ್ಟಿತ್ತು.

"ಅಯ್ಯ ಯವ್ವಾ, ಅರ್ಧಾನೂ ಇಲ್ಲಲ್ಲ ಉಸಿರು," ಅಂದಳು ನೀಲಕ್ಕ.

"ಶಾಬಾಸ್," ಅಂದರು ಗೌಡರು.

ಬೆಳಗಾವಿಯಿಂದ ಕಂಚು ತಂದ ದಿನವೂ ಆ ಬಾಯಿಂದ ಬರದ ಶಾಬಾಸ್ ಅದು.

ನೀಲಕ್ಕ ದವಾಖಾನೆಯ ಪಂಪು ತಂದು ನಾಲ್ಕು ಸಲ ಒತ್ತಿದಳು. "ಈಗ ಇಪ್ಪತ್ತು ಮಿನೀಟು ಕುಂದ್ರು. ನಾಕು ತಾಸು ಆರಾಮ ಇರ್ತೈತಿ ನೋಡು. ಎದಿ ತೆರದ ಮ್ಯಾಲ ಇನ್ನೊಮ್ಮೆ ಊದಬೇಕು. ಮೊದಲಿಗಿಂತ ಜಾಸ್ತಿ ಬಂದ್ರ ದಮ್ಮಿನ ಜಡ್ಡು ಖರೆ ಅಂತ ಕಾಗದದಾಗ ಬರ್ತೈತಿ." ಸುಮನ ಗೋಡೆಯ ಗಡಿಯಾರ ನೋಡಿದಳು. ಹನ್ನೊಂದಕ್ಕೆ ಹತ್ತು ನಿಮಿಷ ಇತ್ತು.

ಎರಡು ದಿನದಲ್ಲಿ ಮೊದಲ ಸಲ ಎದೆಯೊಳಕ್ಕೆ ಗಾಳಿ ಇಳಿಯಿತು. ಅಳು ಬರುವಷ್ಟು ಸುಖವಾಯಿತು ಅವಳಿಗೆ. ಅಷ್ಟರಲ್ಲಿ ಡಾಕ್ಟರು ಗೌಡರು ಕೊಟ್ಟ ವಿನಾಯಿತಿ ಅರ್ಜಿಯ ಹಾಳೆ ತಿರುವುತ್ತ ಅವಳ ಎದುರಿಗೆ ಕುಳಿತರು. ವಯಸ್ಸಾದವರು, ಮಾತು ಮೆತ್ತಗಿತ್ತು.

"ಹೆದರಬ್ಯಾಡವಾ ದ್ರಾಕ್ಷಾಯಣಿ. ದಮ್ಮು ಇದ್ದವರು ಆಟ ಆಡಬಾರದು ಅಂತ ಎಲ್ಲೂ ಇಲ್ಲ. ಗುಳಿಗಿ ಪಟ್ಟಿಯೊಳಗ ಐತಿ, ಖರೆ. ಆದ್ರ ಜಡ್ಡಿಗೆ ಅದು ಬೇಕ ಬೇಕು ಅಂತ ಕಾಗದ ತೋರಿಸಿದ್ರ ವಿನಾಯಿತಿ ಕೊಡ್ತಾರ. ಕೆಲವೊಮ್ಮೆ ಸಿಕ್ಕಿಬಿದ್ದ ಮ್ಯಾಲೂ ಕೊಡ್ತಾರ. ದೊಡ್ಡ ದೊಡ್ಡ ಆಟಗಾರರು ತಗೊಂಡಾರ. ಇನ್ನ ಈ ಪಂಪಿಗಂತೂ, ಅಳತಿ ಮೀರದಿದ್ರ, ವಿನಾಯಿತಿನೂ ಬೇಕಾಗಿಲ್ಲ."

ಸುಮನ ಮುಂದಕ್ಕೆ ಬಾಗಿದಳು.

"ಪಂಪು ಹೊಡಕೊಂಡು ಕುಸ್ತಿ ಆಡಬಹುದೇನ್ರಿ?"

"ಆಡಬಹುದಲ್ಲ ಮತ್ತ. ಯಾಕ, ನಿನಗ ಇದನ್ನ ಯಾರೂ ಹೇಳಿಲ್ಲೇನು?"

ಸುಮನ ತಿರುಗಿ ರುದ್ರೇಶನನ್ನು ನೋಡಿದಳು. ಅವನು ನೆಲದ ಫರ್ಸಿಕಲ್ಲು ಎಣಿಸುವವನ ಹಾಗೆ ತಲೆ ತಗ್ಗಿಸಿದ. ಎರಡು ವರ್ಷ, ಒಂದು ಕಾಗದ. ಅಷ್ಟು ಸಣ್ಣದೊಂದು ಕಾಗದಕ್ಕಾಗಿ ಅವಳು ಎರಡು ವರ್ಷ ಕಸಬರಿಗೆ ಹಿಡಿದಿದ್ದಳು. ಆ ಕಾಗದ ಈಗ ಅವಳ ಉಸಿರಿನಿಂದಲೇ ತಯಾರಾಗುತ್ತಿತ್ತು, ಇನ್ನೊಬ್ಬಳ ಹೆಸರಿಗೆ.

"ಬಾರವಾ, ಇಪ್ಪತ್ತು ಮಿನೀಟಾತು," ಅಂದಳು ನೀಲಕ್ಕ.

ಸುಮನ ಮಷಿನ್ನಿನ ಮುಂದೆ ಕುಳಿತಳು. ಹೊಟ್ಟೆ ತುಂಬ ಉಸಿರು ಎಳೆದುಕೊಂಡಳು. ಕೊಳವೆ ಬಾಯಿಂದ ತೆಗೆದಳು.

"ಅಕ್ಕಾರ, ಹೆಸರು ತಪ್ಪೈತ್ರಿ. ನಾ ಸುಮನ. ಠಾಕಪ್ಪ ಲಮಾಣಿ ಮಗಳು. ನನ್ನ ಹೆಸರು ಬರೀರಿ, ಎಷ್ಟ ಸಲ ಬೇಕಾದ್ರೂ ಊದತೇನಿ."

ನೀಲಕ್ಕನ ಕೈ ಅಲ್ಲೇ ನಿಂತಿತು. ಡಾಕ್ಟರು ಕನ್ನಡಕ ತೆಗೆದರು. "ಗೌಡ್ರ, ಏನಿದು?"

"ತೆಲಿ ಕೆಟ್ಟೈತ್ರಿ ಅದಕ್ಕ. ಊದಲೇ ರಂಡೆ. ಊದಲಿಲ್ಲಂದ್ರ ಸಂಜಿಕ ನಿಮ್ಮಪ್ಪನ ಹಾಂಡೆ-ಬೋಗಾಣಿ ಬೀದ್ಯಾಗ ಇರ್ತಾವು."

"ನಿನ್ನ ಮಗಳನ್ನ ಕರಕೊಂಡ ಬಾ, ಅಂದಾನೆಪ್ಪ. ಅಕಿ ಎದಿ ಅಕಿ ಊದಲಿ," ಅಂದಳು ಸುಮನ.

ನೀನು ಎಂದು ಕರೆಸಿಕೊಂಡು ಗೌಡರಿಗೆ ಎಷ್ಟು ವರ್ಷವಾಗಿತ್ತೋ, ಅವರು ಒಂದು ಕ್ಷಣ ಸುತ್ತ ನೋಡಿದರು, ಬೇರೆ ಯಾರನ್ನೋ ಅಂದಿರಬೇಕು ಎಂಬಂತೆ. ಅಷ್ಟರಲ್ಲಿ ಸುಮನ ಮೇಜಿನ ಮೇಲಿದ್ದ ಮಷಿನ್ನಿನ ಕಾಗದ ಎಳೆದುಕೊಂಡಳು.

"ಕಸ್ಕೋರಿ ಅದನ್ನ!" ಗೌಡರು ಕೂಗಿದರು.

ಬಾಗಿಲಿಗೆ ರುದ್ರೇಶ ಅಡ್ಡ ಬಂದ. ಸುಮನ ಓಡಲಿಲ್ಲ. ಕಾಗದವನ್ನು ಎದೆಗೆ ಒತ್ತಿಕೊಂಡು, ಅಲ್ಲೇ ಫರ್ಸಿಯ ಮೇಲೆ ಬೋರಲು ಬಿದ್ದು ನೆಲ ಹಿಡಿದಳು. ಎದೆ ನೆಲಕ್ಕೆ, ಮೊಣಕೈ ಪಕ್ಕೆಗೆ.

ರುದ್ರೇಶ ಅವಳ ಸೊಂಟಕ್ಕೆ ಕೈ ಹಾಕಿ ಎತ್ತಲು ನೋಡಿದ. ಆಗಲಿಲ್ಲ. ಕತ್ತಿಗೆ ತೋಳು ಸಿಗಿಸಿ ಮಗ್ಗುಲಿಗೆ ತಿರುವಿದ. ಅವಳು ಅಷ್ಟೇ ತಿರುಗಿ ಮತ್ತೆ ನೆಲಕ್ಕೆ ಕೂತಳು. ತಾನೇ ಕಲಿಸಿದ್ದನ್ನು ಬಿಡಿಸಲು ಬರದೆ ಅವನ ಹಣೆಯಿಂದ ಬೆವರು ಇಳಿಯಿತು.

"ಬಿಡವಾ ಸುಮನಾ, ಬಿಡು," ಅಂದ ಸಣ್ಣ ದನಿಯಲ್ಲಿ. "ನಂದೂ ಹೊಟ್ಟಿ ಐತಿ."

"ಬಿಡೂದಿಲ್ರಿ ಸರ್."

ಗೌಡರು ಬೂಟುಗಾಲಿನಿಂದ ಅವಳ ಬೆರಳು ಮೆಟ್ಟಿದರು. ಡಾಕ್ಟರು ಎದ್ದು ನಿಂತು, "ಪೊಲೀಸು ಗಿಲೀಸು ನನ್ನ ದವಾಖಾನಿಗೆ ಬ್ಯಾಡ್ರಿ ಗೌಡ್ರ. ಲಗೂನ ಮುಗಸ್ರಿ," ಅಂದು ಒಳಗಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಗದ್ದಲಕ್ಕೆ ಹೊರಗಿನ ಕೆಮ್ಮುವವರೆಲ್ಲ ಬಂದು ಬಾಗಿಲಲ್ಲಿ ನೆರೆದಿದ್ದರು. ಅವರಲ್ಲಿ ಒಬ್ಬ ಮುದುಕಿ ಬಗ್ಗಿ ಕೇಳಿದಳು:

"ಯಾರ ಮಗಳವಾ ನೀ?"

"ಠಾಕಪ್ಪನ ಮಗಳು. ಚಂದ್ರಿಬಾಯಿ ಮಗಳು. ಸುಮನ." ಉಸಿರು ಇತ್ತು, ಪೂರ್ತಿ ಹೇಳಿದಳು. "ಈ ಕಾಗದದಾಗಿಂದು ನನ್ನ ದಮ್ಮು, ಅಜ್ಜಿ. ಹೆಸರು ಗೌಡನ ಮಗಳಂದು ಹಾಕ್ಯಾರ."

"ಏಯ್, ಹೊರಗ ನಡೀರಿ ಎಲ್ಲಾರು. ಇಕಿ ಒಬ್ಬಾಕಿನ ಏನು? ತಾಂಡಾದಾಗ ದಮ್ಮು ಹತ್ತಿದ ಹುಡಿಗ್ಯಾರಿಗೆ ಬರ ಬಂದಿಲ್ಲ," ಅಂದರು ಗೌಡರು. ಆದರೆ ಯಾರೂ ಹೊರಗೆ ಹೋಗಲಿಲ್ಲ. ಮುದುಕಿ ಹೊಸ್ತಿಲ ಮೇಲೆ ಕುಳಿತೇಬಿಟ್ಟಳು.

ಗೌಡರಿಗೆ ಏನೋ ಹೊಳೆಯಿತು. ಸಿಟ್ಟು ಇಳಿಯಿತು. ಒಂದು ಕುರ್ಚಿ ಎಳೆದುಕೊಂಡು, ನಿನ್ನೆ ಗೋದಾಮಿನಲ್ಲಿ ಕುಳಿತ ಹಾಗೆಯೇ ಕುಳಿತರು. ಕಿಸೆಯಿಂದ ನೀಲಿ ಪಂಪು ತೆಗೆದು ಅಂಗೈಯಲ್ಲಿ ಹೊರಳಿಸಿದರು.

"ಜಗ್ಗಾಡಬ್ಯಾಡೋ ರುದ್ರೇಶ. ಬೆನ್ನ ಮ್ಯಾಲ ಕುಂದ್ರು, ಸಾಕು. ಔಷಧದ ಜೋರು ಇಳೀಲಿ. ತಾನ ಹೊಳ್ಳತಾಳ."

ರುದ್ರೇಶ ಬೆನ್ನ ಮೇಲೆ ಕುಳಿತ. ಕೊಳವೆ ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದ ನೀಲಕ್ಕ ಒಮ್ಮೆ ಗೌಡರ ಕೈಯಲ್ಲಿದ್ದ ಪಂಪು ನೋಡಿದಳು, ಒಮ್ಮೆ ಮುಚ್ಚಿದ ಬಾಗಿಲು ನೋಡಿದಳು. ಸುಮನ ಕೆನ್ನೆಯನ್ನು ತಣ್ಣನೆಯ ಫರ್ಸಿಗೆ ಇಟ್ಟು ಗಡಿಯಾರದ ಕಡೆ ಕಣ್ಣು ಹಾಯಿಸಿದಳು. ಹನ್ನೊಂದೂ ಕಾಲು. ನೀಲಕ್ಕ ಹೇಳಿದ ನಾಕು ತಾಸಿನಲ್ಲಿ ಇನ್ನೂ ಮೂರೂವರೆ ಉಳಿದಿತ್ತು. ಮೊಣಕೈಗಳನ್ನು ಇನ್ನಷ್ಟು ಒಳಕ್ಕೆ ಎಳೆದುಕೊಂಡಳು.