ಕಾಯಿಸಬಾರದಿದ್ದ ಕಂಬ

"ಏಳನೇ ಕ್ಲಾಸಿಗೇ ಸ್ಕೂಲ್ ಬುಟ್ಟೋನು ಮೇಡಂ ಇವ್ನು. ತಲೇಲಿರೋದು ಬರೀ ಡೆಂಟಿಗೆ ಮೆತ್ತೋ ಪುಟ್ಟಿ!"

ಮಂಡಿ ಮೊಹಲ್ಲಾದ ನಮ್ಮ ಟಿಂಕರಿಂಗ್ ಶೆಡ್ಡಿನಲ್ಲಿ ಮಾಲೀಕ ಸಿದ್ದಲಿಂಗಸ್ವಾಮಿ ನನ್ನತ್ತ ಕೈ ತೋರಿಸಿ ಹೀಗೆ ಕೂಗಿದಾಗ ಎಲ್ಲರೂ ಸುತ್ತಿಗೆ ಕೆಳಗಿಟ್ಟು ನಕ್ಕರು. ಬಡ್ಡಿಮಗಂದು, ಒಂದು ಗುದ್ದು ಗುದ್ದಿಬಿಡಬೇಕೆನಿಸಿತು. ಆದರೆ ನಜರ್‌ಬಾದಿನ ವೇದವತಿ ಮೇಡಂ ನಗಲಿಲ್ಲ. ಅವರ ಬೆರಳು ನನ್ನ ಕೆಲಸದ ಮೇಲೇ ಇತ್ತು.

ಹೋದ ತಿಂಗಳು ಅವರ ಕಾರಿಗೆ ಪಕ್ಕದಿಂದ ವ್ಯಾನು ಗುದ್ದಿ, ಎರಡು ಬಾಗಿಲುಗಳ ನಡುವಿನ ಕಂಬ ಒಳಕ್ಕೆ ಬಾಗಿತ್ತು. ಗ್ಯಾಸಿನಲ್ಲಿ ಕೆಂಪಗೆ ಕಾಯಿಸಿ, ಎಳೆದು, ಬಡಿದು ನೇರ ಮಾಡಿದ್ದೆ. ಪೇಯಿಂಟ್ ಆದಮೇಲೆ ಎಲ್ಲಿ ಬಾಗಿತ್ತೆಂದು ನನಗೇ ಗೊತ್ತಾಗಲಿಲ್ಲ. ಈಗ ಬಾಗಿಲ ರಬ್ಬರು ಕಳಚಿಕೊಂಡು, ಅದರಡಿಯ ಸುಟ್ಟ ನೀಲಿ ಕಲೆ ಕಾಣುತ್ತಿತ್ತು.

ಮೇಡಂ ಬೇರೆ ಕಡೆ ವಿಚಾರಿಸಿಕೊಂಡೇ ಬಂದಿದ್ದರು. ಅದು ಹಳೇ ಕಾರಿನ ತಗಡಲ್ಲವಂತೆ. ಪೆಟ್ಟು ಬಿದ್ದರೆ ಮುರಿಯದೆ ಹಿಗ್ಗಿ, ಹಿಗ್ಗುತ್ತಲೇ ಇನ್ನೂ ಗಟ್ಟಿಯಾಗಿ ಒಳಗಿದ್ದವರನ್ನು ಕಾಯುವ ಸ್ಟೀಲಂತೆ. ಕಾಯಿಸಿದರೆ ಆ ಗುಣ ಹೋಗುತ್ತದೆ. ಕಂಬವನ್ನೇ ಬದಲಾಯಿಸಬೇಕಿತ್ತು.

ಇದನ್ನು ಕಲಿಸಲೆಂದೇ, ಮೇಡಂ ಕಾರು ಶೆಡ್ಡಿಗೆ ಬರುವ ಮೊದಲೇ, ಕಾರ್ ಕಂಪನಿಯೊಂದು ಕ್ಲಾಸು ಇಟ್ಟಿತ್ತು. ಮಾಲೀಕರು ಶೆಡ್ಡಿನವರಲ್ಲಿ ನನ್ನೊಬ್ಬನನ್ನೇ ಕಳಿಸಿದ್ದರು. ಬಾಗಿಲಲ್ಲೇ ಒಂದು ಫಾರಂ ಕೊಟ್ಟರು: ಹೆಸರು, ಊರು, ಓದು. ಮೂರನೇ ಗೆರೆಯಲ್ಲಿ ಪೆನ್ನು ನಿಂತಿತು. ಪಕ್ಕದವನು ಇಣುಕುತ್ತಿದ್ದ. 'ಡಿಪ್ಲೊಮಾ' ಎಂದು ಬರೆದುಬಿಟ್ಟೆ. ಒಳಗೆ ಯಾರಾದರೂ ಏನಾದರೂ ಕೇಳಿಬಿಟ್ಟರೆ? ಕ್ಲಾಸಿಗೆ ಕೂರದೆ ಹಿಂದಿನ ಬಾಗಿಲಿಂದ ಜಾರಿಕೊಂಡು ಊಟದ ಹೊತ್ತಿಗೆ ವಾಪಸ್ಸು ಬಂದೆ. ಉಂಡೆ. ಸರ್ಟಿಫಿಕೇಟು ಈಸಿಕೊಂಡೆ. ಮಾಲೀಕರು ಅದಕ್ಕೆ ಕಟ್ಟು ಹಾಕಿಸಿ ದೇವರ ಪಟದ ಪಕ್ಕದಲ್ಲೇ ತೂಗುಹಾಕಿದ್ದರು.

ಮೇಡಂ ಗೋಡೆಯ ಮೇಲಿನ ಆ ಸರ್ಟಿಫಿಕೇಟಿನತ್ತ ನೋಡಿದರು.

"ಅವ್ರು ಬೈಯೋದಿರ್ಲಿ ಬಿಡಪ್ಪ ರಾಹುಲ್. ಆ ಕ್ಲಾಸಿಗೆ ನೀನೇ ತಾನೇ ಹೋಗಿದ್ದಿದ್ದು? ಕಾಯಿಸ್ಬಾರ್ದು ಅಂತ ಅಲ್ಲಿ ಹೇಳ್ಲಿಲ್ವಾ?"

"ಹೇಳಿರ್ತಾರೆ ಕಣ್ರೀ, ಇವ್ನು ತೂಕಡಿಸ್ತಿರ್ತಾನೆ!" ಅಂದರು ಮಾಲೀಕರು. ಮತ್ತೆ ನಗು.

"ದಿನಾ ಮೊಮ್ಮಗಳನ್ನ ಈ ಕಡೇನೇ ಕೂರಿಸ್ಕೊಂಡು ಸ್ಕೂಲಿಗೆ ಬಿಡ್ತೀನಪ್ಪ. ಅವರು ಹೇಳ್ದೇ ಇದ್ರೆ ಹೇಳ್ಲಿಲ್ಲ ಅನ್ನು. ನಿನ್ ತಪ್ಪಲ್ಲ ಅಂದ್ಕೋತೀನಿ."

ಅವರು ನಿಜವಾಗಿಯೂ ನಂಬಲು ಸಿದ್ಧರಾಗಿದ್ದರು; ಇನ್ನೊಂದು ಸುಳ್ಳು ಸಾಕಿತ್ತು. ಬೈದಿದ್ದರೆ ನಾನೂ ಬೈಯುತ್ತಿದ್ದೆ. ಹಿಂದಿನ ಸೀಟಿನ ಮುಂದೆ, ಕಾಲಿಡುವ ಜಾಗದಲ್ಲಿ, ನಾನು ಕಾಯಿಸಿದ ಕಂಬಕ್ಕೆ ಒರಗಿಕೊಂಡು, ಮಗುವಿನ ಗುಲಾಬಿ ಬಣ್ಣದ ನೀರಿನ ಬಾಟಲಿ ನಿಂತಿತ್ತು.

"ಏನೋ, ಬಾಯಿ ಬಿದ್ದೋಯ್ತಾ? ಹೇಳೋ!" ಎಂದು ಮಾಲೀಕರು ಗದರಿದರು.

ಕೈಗವಸು ಕಳಚಿ ಬೆಂಚಿನ ಮೇಲಿಟ್ಟೆ. ತಲೆ ಎತ್ತದೆ ಅವರಿಬ್ಬರ ನಡುವೆಯೇ ಹಾದು, ಬೀದಿಗಿಳಿದು ನಡೆದೆ.