ನೀರನ್ನೂ ಕೊಕ್ಕರೆಯೇ ಕುಡೀತಾ?

ಮಳೆ ನಿಂತು ಚಳಿ ಇಣುಕುವ ಹೊತ್ತು ಬಂತೆಂದರೆ ಕೊಳದಲ್ಲಿ ಮೀನು ಸಾಕಿದವರಿಗೆ ನೆಮ್ಮದಿ ಇರುವುದಿಲ್ಲ. ಕೊಕ್ಕರೆಗಳು ಬರುವುದೇ ಆಗ. ನಮ್ಮ ಕೊಳದಣ್ಣನ ಪಾಡೂ ಅದೇ. ಬೆಳಗಾದರೆ ಬೂದು ಬಣ್ಣದ, ಉದ್ದ ಕತ್ತಿನ ಕೊಕ್ಕರೆಯೊಂದು ಏರಿಯ ಮೇಲೆ ಹಾಜರ್. ಮೀನು ಕಡಿಮೆಯಾಗುತ್ತಿತ್ತು, ನೀರೂ ಇಳಿಯುತ್ತಿತ್ತು. ಹೀಗೇ ಹೋದರೆ ವರ್ಷದ ದುಡಿಮೆ ಕೈತಪ್ಪುವುದು ಖಂಡಿತ. ಕೊಳದ ಮೇಲೆ ಹರಡಲು ಅವನು ಕಣ್ಣಿಗೂ ಕಾಣದಷ್ಟು ಸಣ್ಣ ದಾರದ ಬಲೆ ತಂದಿಟ್ಟ.

ಅವನ ನಾದಿನಿ ಪಶು ಆಸ್ಪತ್ರೆಯಲ್ಲಿ ಕೆಲಸ ಮಾಡುವವಳು. ಅಕ್ಕನನ್ನು ನೋಡಲು ಬಂದವಳು ಬಲೆ ಎತ್ತಿ ನೋಡಿದಳು.

"ಇದನ್ನ ಹರಡಬೇಡಿ ಭಾವ. ಹೋದ ವಾರ ಇಂಥದ್ದೇ ದಾರ ಕಾಲಿಗೆ ಸುತ್ತಿಕೊಂಡ ಮಿಂಚುಳ್ಳಿ ಆಸ್ಪತ್ರೆಗೆ ಬಂದಿತ್ತು. ಬಿಡಿಸೋಕೆ ಅರ್ಧ ದಿನ ಹಿಡೀತು. ಆದ್ರೂ ಉಳೀಲಿಲ್ಲ."

"ನಿಂಗೇನಮ್ಮಾ, ಬಾಯಲ್ಲಿ ಹೇಳ್ತೀಯ. ಆ ಕೊಕ್ಕರೆ ನನ್ನ ಮೀನು ತಿಂದು ತೇಗ್ತಿದೆ."

"ಮೀನು ತಿಂತು ಅನ್ನಿ, ಒಪ್ಪಿದೆ. ದಿನಾ ನಾಲ್ಕು ಬೆರಳು ನೀರು ಇಳೀತಿದೆಯಲ್ಲ, ಅದನ್ನೂ ಅದೇ ಕುಡೀತಾ?"

ಒಳಗಿದ್ದ ಹೆಂಡತಿ ನಕ್ಕಳು. ಕೊಳದಣ್ಣ ನಾದಿನಿಯ ಕೈಯಿಂದ ಬಲೆ ಕಿತ್ತುಕೊಂಡ.

"ನಾಳೆ ಬೆಳಿಗ್ಗೆ ಒಂದು ಗಂಟೆ ನನ್ನ ಜೊತೆ ಸುಮ್ನೆ ಕೂತ್ಕೊಳ್ಳಿ. ಆಮೇಲೂ ಬೇಕು ಅನ್ಸಿದ್ರೆ ಬಲೆಯ ಒಂದು ತುದಿ ನಾನೇ ಹಿಡೀತೀನಿ."

ಮರುದಿನ ಇಬ್ಬರೂ ಪಂಪಿನ ಮನೆಯ ಮರೆಯಲ್ಲಿ ಕುಳಿತರು. ಕೊಕ್ಕರೆ ಬಂತು. ಏರಿಯ ಹುಲ್ಲಲ್ಲಿ ನಿಂತದ್ದು ನಿಂತೇ ಇತ್ತು. ಕೊಳದಣ್ಣನ ಕಾಲು ಜೋಮು ಹಿಡಿಯಿತು, ಅದರ ಒಂದು ಗರಿಯೂ ಅಲುಗಲಿಲ್ಲ. ಹತ್ತು ವರ್ಷ ಓಡಿಸಿದ್ದನೇ ಹೊರತು ಅವನು ಅದನ್ನು ಒಮ್ಮೆಯೂ ಕೂತು ನೋಡಿರಲಿಲ್ಲ. ಬಕಧ್ಯಾನ ಎಂದು ಎಷ್ಟೋ ಜನರನ್ನು ಆಡಿಕೊಂಡಿದ್ದ. ಆ ಧ್ಯಾನ ಎಂಥದೆಂದು ಇವತ್ತು ಕಂಡ.

"ನೀರು ತಣ್ಣಗಾದ್ರೆ ಮೀನು ಆಳಕ್ಕೆ ಇಳಿದುಬಿಡ್ತವೆ. ಅದಕ್ಕೇ ಈಗ ದಡದ ಮೇಲೂ ಹುಡುಕುತ್ತೆ," ನಾದಿನಿ ಪಿಸುಗುಟ್ಟಿದಳು.

ಕತ್ತು ಚಿಮ್ಮಿತು. ಕೊಕ್ಕಿನಲ್ಲಿ ಒದ್ದಾಡುತ್ತಿದ್ದದ್ದು ಮೀನಲ್ಲ, ಇಲಿ. ಕೊಕ್ಕರೆ ಅದನ್ನು ನೀರಲ್ಲಿ ಅದ್ದಿ ಇಡಿಯಾಗಿ ನುಂಗಿತು. ಆ ಸಪೂರ ಕತ್ತಿನೊಳಗೆ ಉಬ್ಬು ನಿಧಾನವಾಗಿ ಇಳಿಯುವುದನ್ನು ನೋಡಿ ಕೊಳದಣ್ಣ ತನ್ನ ಕತ್ತನ್ನೇ ಸವರಿಕೊಂಡ.

ಅದು ಹಾರಿದ ಮೇಲೆ ಇಬ್ಬರೂ ಹೋಗಿ ಹುಲ್ಲು ಸರಿಸಿದರು. ಏರಿಯಲ್ಲಿ ಇಲಿ ಕೊರೆದ ಮುಷ್ಟಿ ಗಾತ್ರದ ಬಿಲ. ಆಚೆ ಬದಿಯಿಂದ ನೀರು ಸದ್ದಿಲ್ಲದೆ ಚರಂಡಿಗೆ ಹರಿಯುತ್ತಿತ್ತು, ಜೊತೆಗೆ ಅವನದೇ ಮೀನುಮರಿಗಳು.

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕೋಕೆ ಹೊರಟಿದ್ದೆ," ಎಂದ ಕೊಳದಣ್ಣ. "ಇನ್ನೆರಡು ವಾರ ಬಿಟ್ಟಿದ್ರೆ ಏರಿಯೇ ಒಡೀತಿತ್ತು. ಹಾಗಾದ್ರೆ ಕೊಕ್ಕರೆ ಮೀನು ತಿನ್ನಲ್ವಾ?"

"ತಿನ್ನುತ್ತೆ, ಸುಳ್ಳು ಯಾಕೆ ಹೇಳ್ಲಿ. ಮರಿ ಬಿಟ್ಟಿರೋ ಮೂಲೆಗೆ ದಪ್ಪ ದಾರದ, ಸಣ್ಣ ಕಿಂಡಿಯ ಬಲೆ ಬಿಗಿಯಾಗಿ ಎಳೆದು ಕಟ್ಟಿ. ಹಕ್ಕಿ ಕಣ್ಣಿಗೆ ಅದು ಕಾಣಬೇಕು."

ಅವನು ಜೇಡಿಮಣ್ಣು ತುಂಬಿ ಬಿಲ ಮುಚ್ಚಿದ. ತಂದಿದ್ದ ಬಲೆಯನ್ನು ಅಂಗಡಿಗೆ ವಾಪಸ್ ಕೊಟ್ಟ. ಮಾರನೆಯ ಬೆಳಿಗ್ಗೆ ಹೆಂಡತಿ ಬಾಗಿಲು ದಡಕ್ಕನೆ ತೆರೆದಾಗ ಗದರಿದ, "ಮೆಲ್ಲಗೆ ಕಣೇ, ಕೊಕ್ಕರೆ ಡ್ಯೂಟಿ ಮೇಲಿದೆ."

ನಿಮ್ಮ ಕೊಳದ ದಡದಲ್ಲೂ ಈಗ ಒಂದು ಕೊಕ್ಕರೆ ನಿಂತಿರಬಹುದು. ಸಣ್ಣ ದಾರದ ಬಲೆ ಹರಡಬೇಡಿ, ಹರಿದ ಬಲೆಯನ್ನು ನೀರಿಗೆ ಎಸೆಯಬೇಡಿ. ಕಲ್ಲು ಕೈಗೆತ್ತಿಕೊಳ್ಳುವ ಮುಂಚೆ ಒಂದು ಗಂಟೆ ಕೂತು ನೋಡಿ. ಆಮೇಲೆ ಎದ್ದು ಹೋಗಿ, ಅದು ನಿಂತಿದ್ದ ಜಾಗದ ಹುಲ್ಲು ಸರಿಸಿ.