ಎಂಟು ಬಟ್ಟಲು ಸೋಯಾ ಪುಡಿಂಗ್

ಇದರಲ್ಲಿ ಒಂದಕ್ಷರ ಸುಳ್ಳಿದ್ದರೆ ನಾಳೆಯಿಂದ ನನ್ನ ಮಾತನ್ನು ಯಾರೂ ನಂಬುವುದು ಬೇಡ. ಇವತ್ತೂ ಯಾರೂ ನಂಬುವುದಿಲ್ಲ, ಅದು ಬೇರೆ ವಿಷಯ.

ಟೈಲರಕ್ಕನ ತಂಗಿಗೆ ಗಂಟಲಿನ ಆಪರೇಷನ್ ನಿಗದಿಯಾಗಿತ್ತು. ಅದಾದ ಮೇಲೆ ಹದಿನೈದು ದಿನ ಮಾತಾಡುವಂತಿಲ್ಲ, ಗಟ್ಟಿಯದೇನನ್ನೂ ನುಂಗುವಂತಿಲ್ಲ. ಹಾಲಂತೂ ಅವಳಿಗೆ ಹುಟ್ಟಿದಾಗಿನಿಂದ ಆಗಿಬಂದಿಲ್ಲ. ಆಸ್ಪತ್ರೆಯ ನರ್ಸಮ್ಮ ಜಪಾನಿನವರ ಸೋಯಾ ಹಾಲಿನ ಪುಡಿಂಗ್ ಮಾಡುವ ಬಗೆಯನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟಳು. ತಣ್ಣಗಿರಬೇಕು, ಹಗುರಾಗಿರಬೇಕು, ನಾಲಿಗೆಯ ಮೇಲಿಟ್ಟರೆ ತಾನಾಗಿ ಜಾರಿಹೋಗಬೇಕು.

ಟೈಲರಕ್ಕ ಎಂಟು ದಿನ ಮೊದಲೇ ಅಭ್ಯಾಸ ಶುರುಮಾಡಿದಳು. ಸೋಯಾ ಕಾಳು ನೆನೆಸಿ, ರುಬ್ಬಿ, ಲೈನಿಂಗ್ ಬಟ್ಟೆಯಲ್ಲಿ ಹಿಂಡಿದಳು. ಹಸಿವಾಸನೆ ಹೋಗುವ ತನಕ ಕುದಿಸಿ, ಸಕ್ಕರೆ ಹಾಕಿದಳು. ಹಾಲು ಗಟ್ಟಿಯಾಗಲು ಬೇಕಾದ ಅಗರ್ ಪುಡಿಯನ್ನು ನೀರಿನಲ್ಲಿ ಕಾಯಿಸಿ ಬೆರೆಸಿದಳು. ಎಡವಟ್ಟಾದದ್ದು ಅಲ್ಲೇ. ಚೀಟಿಯಲ್ಲಿ 'ಅರ್ಧ ಚಮಚ' ಎಂದಿತ್ತು. ಮೂವತ್ತು ವರ್ಷ ಕತ್ತರಿ ಹಿಡಿದ ಕೈ ಯಾವ ಅಳತೆಯನ್ನೂ ಇದ್ದಷ್ಟಕ್ಕೆ ಬಿಟ್ಟದ್ದಿಲ್ಲ. ಹೊಲಿಗೆಗೆಂದು ನಾಲ್ಕೂ ಕಡೆ ಅರ್ಧರ್ಧ ಇಂಚು ಬಟ್ಟೆ ಬಿಡುವ ಹಾಗೆ, ಅವಳು ಅಗರ್ ಪುಡಿಗೂ ನಾಲ್ಕೂ ಕಡೆಯ ಲೆಕ್ಕದಲ್ಲಿ ಅರ್ಧರ್ಧ ಚಮಚ ಬಿಟ್ಟಳು. ಬಿಟ್ಟದ್ದು ಅವಳಿಗೇ ಗೊತ್ತಾಗಲಿಲ್ಲ.

ಹೆಪ್ಪುಗಟ್ಟಿದ ಮೇಲೆ ತಾನು ತಿಂದು ನೋಡಲಿಲ್ಲ. ಹೊಲಿದವರು ಟ್ರಯಲ್ ನೋಡಬಾರದು, ಬೇರೆಯವರು ತೊಟ್ಟು ಹೇಳಬೇಕು ಎನ್ನುವುದು ಅವಳ ಕಟ್ಟುನಿಟ್ಟು. ಹಾಗಾಗಿ ದಿನಕ್ಕೊಂದು ಬಟ್ಟಲು ಸೈಕಲ್ ರಿಪೇರಿ ಅಂಗಡಿ ಇಟ್ಟಿದ್ದ ಗಂಡನ ಪಾಲಿಗೆ ಬಂತು. ಅವನು ಅದನ್ನು ಡಬ್ಬಿಗೆ ಹಾಕಿಕೊಂಡು, ನಿಧಾನವಾಗಿ ಸವಿಯಬೇಕು ಎಂದು ಹೇಳಿ ಅಂಗಡಿಗೆ ಒಯ್ಯುತ್ತಿದ್ದ.

"ರೀ, ನನಗೆ ಹೊಗಳಿಕೆ ಬೇಡ," ಎಂದಳು ಟೈಲರಕ್ಕ. "ಅವಳ ಗಂಟಲಲ್ಲಿ ಇಳಿಯುತ್ತೋ ಇಲ್ವೋ, ಅಷ್ಟು ಹೇಳಿ ಸಾಕು."

"ಬೆಣ್ಣೆ ಕಣೇ. ನಾನು ನುಂಗೋಕೆ ಮುಂಚೆ ಅದೇ ಇಳಿದುಹೋಯ್ತು."

ಎಂಟು ದಿನವೂ ಅದೇ ಬೆಣ್ಣೆ.

ಆಪರೇಷನ್ ಆಗಿ ತಂಗಿ ಅಕ್ಕನ ಮನೆಗೇ ಬಂದಳು, ಕೊರಳಿಗೊಂದು ಸ್ಲೇಟು ತೂಗುಹಾಕಿಕೊಂಡು. ಬಟ್ಟಲನ್ನು ತಟ್ಟೆಯ ಮೇಲೆ ಬೋರಲು ಹಾಕಿ, ಬೆಲ್ಲದ ಪಾಕ ಸುರಿದು ಮುಂದಿಟ್ಟದ್ದಾಯಿತು. ತಂಗಿ ಚಮಚ ಊರಿದಳು. ಚಮಚ ಬಾಗಿತು. ಇನ್ನಷ್ಟು ಒತ್ತಿದಾಗ ಪುಡಿಂಗ್ ಚಿಮ್ಮಿ, ಎದುರಿನ ಗೋಡೆ ಮುಟ್ಟಿ, ಯಾರಿಗೂ ತೊಂದರೆ ಕೊಡದೆ ತಟ್ಟೆಗೇ ವಾಪಸು ಬಂದು ಕೂತಿತು. ಕೊನೆಗೆ ಚಾಕುವಿನಲ್ಲಿ ಕಾಳಿನಷ್ಟು ಕತ್ತರಿಸಿ ನುಂಗಿದಳು. ಕಣ್ಣಲ್ಲಿ ದಳದಳ ನೀರು. ಸ್ಲೇಟಿನ ಮೇಲೆ ಬರೆದಳು: 'ಗಟ್ಟಿ ಇದೆ ಅಕ್ಕ.'

"ಪಾಪ, ಗಂಟಲು ಬಾತಿದೆ," ಎಂದ ಗಂಡ. "ಪುಡಿಂಗಿಗೇನಾಗಿದೆ? ನಾನೇ ಎಂಟು ತಿಂದಿಲ್ವಾ?"

ಟೈಲರಕ್ಕ ಗಂಡನನ್ನು ನಂಬಿದಳು. ಮೂರು ದಿನ ತಂಗಿಯ ಎದುರು ಬಟ್ಟಲು ಹಿಡಿದು ಕೂತು ಪುಸಲಾಯಿಸಿದಳು, ಗದರಿದಳು, ಅಮ್ಮ ಇದ್ದಾಗಲೂ ನೀನು ಹೀಗೇ ಹಟ ಮಾಡುತ್ತಿದ್ದೆ ಎಂದು ಹಳೆಯದನ್ನೆಲ್ಲ ತೆಗೆದಳು. ತಂಗಿ ಬಾಯಿ ತೆರೆಯಲಿಲ್ಲ. ಅಕ್ಕ ಹೊಲಿದ ಅಂಗಿ ಅವಳ ಮೈಮೇಲೆ ಹ್ಯಾಂಗರಿಗೆ ಹಾಕಿದ ಹಾಗೆ ಜೋಲತೊಡಗಿತು.

ನಾಲ್ಕನೆಯ ದಿನ ಬೆಳಿಗ್ಗೆ ಅಂಚೆಯವನು ಸೈಕಲ್ ಸೀಟನ್ನು ಕಂಕುಳಲ್ಲಿ ಇರುಕಿಕೊಂಡು ಬಂದ.

"ಕವರ್ ಬಿಚ್ಚಿಕೊಂಡಿದೆ ಅಕ್ಕಾ, ಒಂದು ಹೊಲಿಗೆ ಹಾಕಿಕೊಡಿ. ಒಳಗಿನ ಮೆತ್ತೆ ಮಾತ್ರ ಮುಟ್ಟಬೇಡಿ. ನಿಮ್ಮ ಯಜಮಾನ್ರು ಹಾಕಿದ್ದು. ಇಪ್ಪತ್ತು ವರ್ಷದ ಸೊಂಟನೋವು ಎತ್ತಲೋ ಹೋಯ್ತು. ಇನ್ನೂ ಆರು ಜನಕ್ಕೆ ಹಾಕಿಕೊಟ್ಟಿದ್ದಾರಂತೆ."

ಟೈಲರಕ್ಕ ಕವರು ಸರಿಸಿದಳು. ಒಳಗೆ ಬೆಳ್ಳಗೆ, ದುಂಡಗೆ, ಒಂದು ಗೀರೂ ಇಲ್ಲದೆ ಅವಳ ಪುಡಿಂಗ್ ಕೂತಿತ್ತು. ಅದರ ತಲೆಯ ಮೇಲೆ ಬಟ್ಟಲಿನ ತಳದಲ್ಲಿದ್ದ ಐದೆಸಳಿನ ಹೂವಿನ ಅಚ್ಚು, ಅದರಲ್ಲಿ ಒಂದು ಎಸಳು ನೆಗ್ಗಿದ್ದು. ನೆಗ್ಗಿದ್ದು ಅವಳದೇ ಬಟ್ಟಲು, ಅವಳದೇ ಅಡುಗೆಮನೆಯಲ್ಲಿ.

ಎರಡು ಸಾಲು ಹೊಲಿಗೆ ಹಾಕಿ ಸೀಟು ಕೊಟ್ಟು ಕಳಿಸಿದಳು. ಗಿರಾಕಿಯ ತಪ್ಪೇನು ಬಂತು ಅದರಲ್ಲಿ? ಆಮೇಲೆ ತಂಗಿಯ ಮಂಚದ ಬಳಿ ಹೋಗಿ, ಸ್ಲೇಟು ಇಸಿದುಕೊಂಡು, ಬಾಯಲ್ಲಿ ಹೇಳಲಾರದ್ದನ್ನು ಬರೆದು, ಓದಿಸಿ, ಅಳಿಸಿದಳು.

ಚೀಟಿಯನ್ನು ಮತ್ತೆ ಓದಿದಳು. ಅರ್ಧ ಚಮಚ. ಅಳತೆಯ ಮೇಲೆ ಏನೂ ಬಿಡದೆ ಹಾಕುವ ಮೊದಲು, ಅಂಚು ಬಿಡದೆ ಬಟ್ಟೆ ಕತ್ತರಿಸುವವಳ ಹಾಗೆ ಮೂರು ಸಲ ಅಳೆದು ನೋಡಿದಳು. ಫ್ರಿಜ್ಜಿನಿಂದ ತೆಗೆದರೆ, ಬೀದಿಯಲ್ಲಿ ಲಾರಿ ಹೋದಾಗೆಲ್ಲ ಪುಡಿಂಗ್ ಅತ್ತಿತ್ತ ನೋಡುತ್ತಿತ್ತು. ಫ್ಯಾನ್ ಹಾಕಿದರೆ ತಟ್ಟೆಯಿಂದ ಬೆರಳೆತ್ತರ ಮೇಲೇಳುತ್ತಿತ್ತು, ಅದಕ್ಕೆ ಫ್ಯಾನ್ ಆರಿಸಬೇಕಾಯಿತು. ತಂಗಿ ಎರಡು ಬಟ್ಟಲು ಮುಗಿಸಿ ಸ್ಲೇಟಿನ ಮೇಲೆ ಬರೆದಳು: 'ಇನ್ನೊಂದು.'

ಗಂಡ ಊಟಕ್ಕೆ ಬಂದ. ಮೇಜಿನ ಮೇಲೆ ಆ ಪುಡಿಂಗ್ ನೋಡಿದ, ಹೆಂಡತಿಯ ಮುಖ ನೋಡಿದ. ಅವನಿಗೆ ಎಲ್ಲ ಅರ್ಥವಾಯಿತು.

"ಇದರಲ್ಲಿ ಒಂದಕ್ಷರ ಸುಳ್ಳಿಲ್ಲ ಕಣೇ. ನೀನು ಅಷ್ಟು ಆಸೆಯಿಂದ ಮಾಡಿದ್ದೆ. ನಿನ್ನ ಮನಸ್ಸು ನೋಯಬಾರ್ದು ಅಂತ..."

"ನಾನು ಕೇಳಿದ್ದು ನನ್ನ ಮನಸ್ಸಿನ ವಿಷಯ ಅಲ್ಲ," ಎಂದಳು ಟೈಲರಕ್ಕ. "ಅವಳ ಗಂಟಲಿನ ವಿಷಯ."

"ಅದೂ ಸರಿ. ಆದ್ರೆ ಏಳನ್ನ ಮಾತ್ರ ಸೀಟಿಗೆ ಹಾಕಿದ್ದು. ಆ ಎಂಟನೇದು ಇದ್ಯಲ್ಲ, ಅದನ್ನ ನಿಜವಾಗ್ಲೂ ನಾನು..."

ಟೈಲರಕ್ಕ ಮೂರನೆಯ ಬಟ್ಟಲು ಎತ್ತಿಕೊಂಡು ತಂಗಿಯ ಕೋಣೆಗೆ ನಡೆದಳು. ಎಂಟನೆಯದು ಏನಾಯಿತೆಂದು ಅವಳು ನಿಂತು ಕೇಳಲಿಲ್ಲವಾದ್ದರಿಂದ ನನಗೂ ಗೊತ್ತಿಲ್ಲ.